ಬಿಡಿಬಿಡಿಯಾಗಿ ಕೊಂಡ ಸಿಗರೇಟನ್ನು ಬಿಡುವ ಬಗೆ

ನಾನು ಮೈಸೂರಿನಲ್ಲಿ ಟೈಲರ್. ದೇವರಾಜ ಮಾರುಕಟ್ಟೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಓಣಿಯಲ್ಲಿ ಚಿಕ್ಕದೊಂದು ಅಂಗಡಿ. ಹೆಚ್ಚಾಗಿ ಹೊಲಿಯುವುದು ರವಿಕೆ. ಜೊತೆಗೆ ಸೀರೆಗೆ ಫಾಲ್, ಜಿಗ್‌ಜಾಗ್, ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರಂ. 1997ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಕೆಲಸ ಕಲಿಯುತ್ತಿದ್ದ ಅಂಗಡಿಯ ಹಿಂದೆ ನಿಂತು ಮೊದಲ ಸಿಗರೇಟು ಸೇದಿದೆ. 2019ರ ಅಕ್ಟೋಬರ್ 9ರಂದು ಬಿಟ್ಟೆ. ಅದಕ್ಕೆ ಮೊದಲು ಮೂರು ಸಲ ಬಿಡಲು ಹೋಗಿ ಸೋತಿದ್ದೆ.

ಓಣಿಯ ಹುಡುಗರು "ಮಾಸ್ಟ್ರೇ, ನೀವು ಹೆಂಗ್ ಬಿಟ್ರಿ?" ಎಂದು ಕೇಳುತ್ತಿರುತ್ತಾರೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಏನೇನು ಮಾಡಿದೆ, ಯಾವುದು ಕೈ ಹಿಡಿಯಿತು, ಯಾವುದಕ್ಕೆ ಸುಮ್ಮನೆ ದುಡ್ಡು ಸುರಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅಳತೆ ತೆಗೆಯಿರಿ

ಅಳತೆ ಇಲ್ಲದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಚಟದ ವಿಷಯದಲ್ಲಿ ಮಾತ್ರ ನಾನು ಇಪ್ಪತ್ತೆರಡು ವರ್ಷ ಅಳತೆಯನ್ನೇ ತೆಗೆದಿರಲಿಲ್ಲ. ಅದಕ್ಕೆ ಕಾರಣ ಸಿಗರೇಟು ಕೊಳ್ಳುವ ರೀತಿ. ಇಡೀ ಪ್ಯಾಕ್ ಕೊಂಡವನಿಗೆ ದುಡ್ಡು ಹೋಗಿದ್ದು ಕಣ್ಣಿಗೆ ಕಾಣುತ್ತದೆ. ನಾನು ಕೊಳ್ಳುತ್ತಿದ್ದುದು ಬಿಡಿಬಿಡಿಯಾಗಿ. ಟೀ ಅಂಗಡಿಗೆ ಹೋಗುವುದು, ಹತ್ತು ರೂಪಾಯಿ ಕೊಡುವುದು, ಅಲ್ಲೇ ನೇತುಹಾಕಿದ್ದ ಲೈಟರ್‌ನಲ್ಲಿ ಹಚ್ಚುವುದು. ಹತ್ತು ರೂಪಾಯಿ ಲೆಕ್ಕಕ್ಕೆ ಬರುವ ಮೊತ್ತವೇ ಅಲ್ಲ ಅನ್ನಿಸುತ್ತಿತ್ತು. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವುದನ್ನು 2017ರಲ್ಲೇ ನಿಷೇಧಿಸಿದ್ದಾರೆ. ಆ ನಿಷೇಧ ಏಕೆ ಬೇಕಿತ್ತು ಎಂದು ನನಗೆ ತಿಳಿದಿದ್ದು ಲೆಕ್ಕ ಬರೆದ ಮೇಲೆ.

ಆದ್ದರಿಂದ ಇವತ್ತೇ ಬಿಡಲು ಹೋಗಬೇಡಿ. ಏಳು ದಿನ ಎಂದಿನಂತೆ ಸೇದಿ, ಆದರೆ ಒಂದೊಂದನ್ನೂ ಬರೆದಿಡಿ. ನಾನು ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ. ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡುತ್ತಿದ್ದೆ, ಇಷ್ಟೇ. ಏಳು ದಿನಕ್ಕೆ 84 ಸಿಗರೇಟು ಆಗಿತ್ತು. ದಿನಕ್ಕೆ ಹನ್ನೆರಡು, 120 ರೂಪಾಯಿ. ತಿಂಗಳಿಗೆ 3,600. ವರ್ಷಕ್ಕೆ 43,800.

ಆ ಅಂಕಿ ಬರೆದು ನನ್ನ ಹೆಂಡತಿಗೆ ತೋರಿಸಿದೆ. ಅವಳು ಬೈಯಲಿಲ್ಲ. "ರೀ, ಇಷ್ಟರಲ್ಲಿ ಮಗಳ ಕಾಲೇಜ್ ಫೀಸ್ ಕಟ್ಟಿ ಮಿಕ್ತಿತ್ತು ಕಣ್ರೀ" ಅಂದಳು. ತಂಬಾಕಿನ ಕಾಯಿಲೆಗಳಿಂದ 2017–18ರಲ್ಲಿ ದೇಶಕ್ಕೆ ಆದ ನಷ್ಟ 1,77,341 ಕೋಟಿ ರೂಪಾಯಿ ಎಂದು ಆಮೇಲೆ ಎಲ್ಲೋ ಓದಿದೆ. 35 ವರ್ಷ ದಾಟಿದವರ ಲೆಕ್ಕ ಮಾತ್ರವಂತೆ ಅದು. ಅಷ್ಟು ದೊಡ್ಡ ಮೊತ್ತ ನನ್ನ ಅಳವಿಗೆ ಸಿಗುವುದಲ್ಲ. ಎದೆಗೆ ನಾಟಿದ್ದು 43,800. ನಿಮ್ಮ ಅಂಕಿಯನ್ನು ನೀವೇ ನಿಮ್ಮ ಕೈಬರಹದಲ್ಲಿ ಬರೆಯಬೇಕು. ಬೇರೆಯವರು ಹಾಕಿಕೊಟ್ಟ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಜೇಬಿನ ದುಡ್ಡು ಮೊದಲ ಸಾಲು ಮಾತ್ರ. ಅದರ ಕೆಳಗೆ ಹೊತ್ತಿನ ಲೆಕ್ಕ ಬರೆಯಿರಿ. ಹನ್ನೆರಡರಲ್ಲಿ ಒಂಬತ್ತು ನಾನು ಅಂಗಡಿ ಹೊತ್ತಿನಲ್ಲಿ ಸೇದುತ್ತಿದ್ದೆ. ಎದ್ದು, ಮೂಲೆಗೆ ಹೋಗಿ, ಸೇದಿ, ಬಂದು, ಕೈ ತೊಳೆದು ಮತ್ತೆ ಮಷಿನ್ ಮುಂದೆ ಕೂರಲು ಎಂಟು ನಿಮಿಷ. ದಿನಕ್ಕೆ 72 ನಿಮಿಷ. ತಿಂಗಳಿಗೆ 26 ದಿನ ಅಂಗಡಿ ತೆಗೆದರೆ 31 ಗಂಟೆ. ಅಂದರೆ ಪ್ರತಿ ತಿಂಗಳೂ ಮೂರೂವರೆ ದಿನ ಬಾಗಿಲು ಹಾಕಿದ ಹಾಗೆ.

ಮೂರನೆಯದು ಹಾಳಾದ ವಸ್ತುಗಳ ಲೆಕ್ಕ. 2014ರಲ್ಲಿ ಫಾಲ್ ಹಾಕಲು ಬಂದಿದ್ದ ಮೈಸೂರು ಸಿಲ್ಕ್ ಸೀರೆಯ ಸೆರಗಿನ ಮೇಲೆ ನನ್ನ ಸಿಗರೇಟಿನ ಕಿಡಿ ಬಿತ್ತು. ಕಡಲೆಕಾಳಿನಷ್ಟು ತೂತು. ಆ ತಾಯಿ ಮಗಳ ಮದುವೆಗೆಂದು ಕೊಂಡಿದ್ದ ಸೀರೆ. ಅವರು ಒಂದು ಮಾತೂ ಆಡದೆ ಸೆರಗನ್ನು ಸವರುತ್ತಾ ನಿಂತಿದ್ದು ಇವತ್ತಿಗೂ ಕಣ್ಣಲ್ಲಿದೆ. ಬೆಲೆಯನ್ನು ಕಂತಿನಲ್ಲಿ ತೀರಿಸಿದೆ, ಆದರೆ ಮದುವೆಯ ದಿನ ಉಡಲು ಆ ಸೀರೆ ಇರಲಿಲ್ಲ. ಬಟ್ಟೆಗೆ ಹೊಗೆ ವಾಸನೆ ಹಿಡಿದಿದೆ ಎಂದು ಹೇಳದೆ ಬೇರೆ ಅಂಗಡಿಗೆ ಹೋದ ಗಿರಾಕಿಗಳು ಎಷ್ಟು ಜನವೋ ಗೊತ್ತಿಲ್ಲ.

ನಾಲ್ಕನೆಯದು ಮೈಗೆ ಸಂಬಂಧಿಸಿದ್ದು. ಇದನ್ನು ರೂಪಾಯಿಯಲ್ಲಿ ಬರೆಯಲಾಗದು, ಆದರೂ ಬರೆಯಿರಿ. ನಮ್ಮ ಓಣಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದವರೊಬ್ಬರು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ನಲವತ್ತು ದಾಟುವ ಮೊದಲೇ ಕಾಲಿನ ಹೆಬ್ಬೆರಳು ಕಪ್ಪಗಾಯಿತು. ಬರ್ಜರ್ಸ್ ಕಾಯಿಲೆ ಅಂದರು. ತಂಬಾಕಿನಿಂದ ಕೈಕಾಲಿನ ಸಣ್ಣ ರಕ್ತನಾಳಗಳು ಉರಿಯೂತವಾಗಿ ಮುಚ್ಚಿಕೊಳ್ಳುತ್ತವೆ, ಬೆರಳು ಕೊಳೆಯತೊಡಗುತ್ತದೆ. ತಂಬಾಕನ್ನು ಪೂರ್ತಿ ಬಿಡದಿದ್ದರೆ ಯಾವ ಮದ್ದೂ ಅದನ್ನು ನಿಲ್ಲಿಸುವುದಿಲ್ಲ. ಅವರಿಗೆ ಎರಡು ಬೆರಳು ಹೋದವು. ದಿನವಿಡೀ ನಿಂತೇ ಮಾಡಬೇಕಾದ ಕೆಲಸ ಅವರದು. ಬೀಡಿಯಲ್ಲಿ ತಂಬಾಕು ಕಡಿಮೆ, ಸುತ್ತಿರುವುದು ಎಲೆ, ಅದರಿಂದ ತೊಂದರೆಯಿಲ್ಲ ಅನ್ನುವವರಿದ್ದಾರೆ. ಆ ಮಾತು ನಿಜವಲ್ಲ. ಬೀಡಿ ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುವುದರಿಂದ ಹೊಗೆಯ ಅಂಟು ಜಿಡ್ಡಾದ ಟಾರು, ಚಟ ಹಿಡಿಸುವ ನಿಕೋಟಿನ್ ಒಳಗೆ ಹೋಗುವುದೇನೂ ಕಡಿಮೆಯಾಗುವುದಿಲ್ಲ.

ನನ್ನ ಮೈಯ ಲೆಕ್ಕ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಸಿಕ್ಕಿತು. 2019ರ ಆಷಾಢದಲ್ಲಿ ಮಗಳ ಜೊತೆ ಹತ್ತಲು ಹೋದೆ. ಸಾವಿರ ಮೆಟ್ಟಿಲಲ್ಲಿ ನಂದಿ ಸಿಗುವುದು ಏಳುನೂರರ ಆಸುಪಾಸು. ಅಷ್ಟರೊಳಗೆ ಐದು ಸಲ ಕೂತೆ. ಮಗಳು ಮುಂದೆ ಹೋಗಿ, ಮತ್ತೆ ಇಳಿದು ಬಂದು, ನೀರಿನ ಬಾಟಲಿ ಹಿಡಿದು ನಿಂತಿದ್ದಳು. "ಅಪ್ಪಾಜಿ, ವಾಪಸ್ ಹೋಗೋಣ್ವಾ?" ಅಂದಳು. ಆಗ ನನಗೆ ನಲವತ್ತೆರಡು.

ತೋಟದ ಎಲೆ ಕಲಿಸಿದ್ದು

ಹೇಗೆ ಬಿಡುವುದು ಎನ್ನುವ ಮೊದಲು, ಬಿಡುವುದು ಕಷ್ಟ ಏಕೆ ಎಂದು ತಿಳಿಯಬೇಕು. ನನಗೆ ಅದನ್ನು ಕಲಿಸಿದ್ದು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಹೊಲ. ಅಕ್ಕನನ್ನು ಆ ಕಡೆಯ ಹಳ್ಳಿಗೆ ಕೊಟ್ಟಿದ್ದೇವೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ವರ್ಜೀನಿಯಾ ತಂಬಾಕು ಬೆಳೆಯುತ್ತಾರೆ, ಬ್ಯಾರನ್ ಎಂಬ ಸೊಪ್ಪು ಒಣಗಿಸುವ ಮನೆಗಳಲ್ಲಿ ಬಿಸಿ ಕೊಟ್ಟು ಬೇಯಿಸಿ ತಂಬಾಕು ಮಂಡಳಿಯ ಹರಾಜಿಗೆ ಒಯ್ಯುತ್ತಾರೆ. ಭಾವ ಒಂದು ದಿನವೂ ಸೇದಿದವರಲ್ಲ. ಆದರೆ ಮಳೆಗಾಲದ ಬೆಳಗ್ಗೆ ಒದ್ದೆ ಸೊಪ್ಪು ಮುರಿದು ಕಂಕುಳಲ್ಲಿ ಒಟ್ಟಿಕೊಂಡು ಬರುವ ಹೆಣ್ಣಾಳುಗಳಿಗೆ ಮಧ್ಯಾಹ್ನದೊಳಗೆ ತಲೆಸುತ್ತು, ವಾಂತಿ ಬರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹಳ್ಳಿಯಲ್ಲಿ ಅದಕ್ಕೆ ಪಿತ್ತ ಅನ್ನುತ್ತಿದ್ದರು. ಅದು ನಿಕೋಟಿನ್. ಎಲೆಯ ಮೇಲಿನ ಇಬ್ಬನಿಯಲ್ಲಿ ಕರಗಿ, ಚರ್ಮದ ಮೂಲಕ ರಕ್ತಕ್ಕೆ ಇಳಿದಿರುತ್ತದೆ.

ಹೊಗೆಯಿಲ್ಲದೆ ಬರೀ ಚರ್ಮದಿಂದ ಇಳಿದೇ ಅಷ್ಟು ಮಾಡುವ ವಸ್ತು, ಹೊಗೆಯ ಜೊತೆ ಶ್ವಾಸಕೋಶಕ್ಕೆ ಹೋದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳಿಗೆ ಮುಟ್ಟುತ್ತದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಮೈ ಮತ್ತೆ ಕೇಳುತ್ತದೆ. ಇದು ಮನಸ್ಸು ಗಟ್ಟಿಯಿಲ್ಲದವರ ಕಾಯಿಲೆಯಲ್ಲ. ಇಪ್ಪತ್ತೆರಡು ವರ್ಷ ನನ್ನನ್ನು ನಾನೇ ಹಳಿದುಕೊಂಡೆ, ಅದರಿಂದ ಒಂದು ಸಿಗರೇಟೂ ಕಡಿಮೆಯಾಗಲಿಲ್ಲ.

ಇನ್ನೊಂದು ವಿಷಯವೂ ಇಲ್ಲೇ ತಿಳಿಯುತ್ತದೆ. ಚಟ ಹಿಡಿಸುವುದು ನಿಕೋಟಿನ್. ಕ್ಯಾನ್ಸರು, ಹೃದಯಾಘಾತ, ದಮ್ಮು ತರುವುದು ಬಹುಪಾಲು ಸುಟ್ಟ ಹೊಗೆ. ಆ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಎಪ್ಪತ್ತರಷ್ಟು ಕ್ಯಾನ್ಸರ್ ತರುವಂಥವು. ಬಾಯಲ್ಲಿ ಅಗಿಯುವ ನಿಕೋಟಿನ್ ಗಮ್, ಮೈಗೆ ಅಂಟಿಸಿಕೊಳ್ಳುವ ನಿಕೋಟಿನ್ ಪ್ಯಾಚ್‌ಗಳ ಹಿಂದಿರುವ ಲೆಕ್ಕ ಇದೇ. ಹೊಗೆಯನ್ನು ಇವತ್ತೇ ನಿಲ್ಲಿಸಿ, ನಿಕೋಟಿನ್ನನ್ನು ಅಳತೆ ಮಾಡಿ ಕೊಟ್ಟು ವಾರ ವಾರಕ್ಕೂ ಇಳಿಸುತ್ತಾ ಬರುವುದು. ಪ್ಯಾಚ್ ಕೆಲಸ ಮಾಡುವ ದಾರಿ ನಮ್ಮ ಅಕ್ಕನ ಹೊಲದ ಒದ್ದೆ ಸೊಪ್ಪಿನದ್ದೇ, ಚರ್ಮದ ಮೂಲಕ. ಆದರೆ ಇಲ್ಲಿ ಅಳತೆ ಇದೆ.

ನಾನು ಹಿಡಿದ ಅಡ್ಡದಾರಿಗಳು, ಅವುಗಳಲ್ಲಿ ಉಪಯೋಗಕ್ಕೆ ಬಂದವು

ಆಸ್ಪತ್ರೆಗೆ ಹೋಗುವುದೆಂದರೆ ನಾಚಿಕೆ. ಆದ್ದರಿಂದ ಮೊದಲು ಬೇರೆಲ್ಲ ಮಾಡಿ ನೋಡಿದೆ.

ಮೊದಲ ಸಲ ಒಂದು ಯುಗಾದಿಗೆ, ಬೇವು-ಬೆಲ್ಲ ತಿಂದು, ಇವತ್ತಿನಿಂದ ಇಲ್ಲ ಎಂದು ಹೇಳಿ ಬಿಟ್ಟೆ. ಮೂರೇ ದಿನ. ಸೇದಬೇಕೆನ್ನುವ ಕಾಟ ಅತಿ ಹೆಚ್ಚಾಗಿರುವುದೇ ಮೊದಲ ಮೂರು ದಿನ ಎಂದು ಯಾರಾದರೂ ಆಗ ಹೇಳಿದ್ದರೆ ನಾಲ್ಕನೇ ದಿನಕ್ಕೆ ಕಾಯುತ್ತಿದ್ದೆ.

ಎರಡನೇ ಸಲ ಗೋಡೆಯ ಮೇಲಿನ ಜಾಹೀರಾತು ನೋಡಿ, ಚಟ ಬಿಡಿಸುವ ಪುಡಿಯನ್ನು 2,800 ರೂಪಾಯಿ ಕೊಟ್ಟು ತಂದೆ. ಡಬ್ಬಿಯ ಮೇಲೆ ಅದರಲ್ಲಿ ಏನಿದೆ ಎಂದು ಬರೆದಿರಲಿಲ್ಲ. ಹೊಟ್ಟೆ ಕೆಟ್ಟಿತು, ಸಿಗರೇಟು ನಿಲ್ಲಲಿಲ್ಲ. ಏನೇನು ಹಾಕಿದ್ದಾರೆಂದು ಬರೆಯದ ಪುಡಿ, ಲೇಹ್ಯ, ತೊಟ್ಟಿಕ್ಕುವ ಔಷಧ ಯಾವುದನ್ನೂ ತೆಗೆದುಕೊಳ್ಳಬೇಡಿ. ಮನೆಯವರಿಗೂ ಹೇಳುತ್ತೇನೆ, ಗಂಡನಿಗೋ ಮಗನಿಗೋ ತಿಳಿಯದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಬೇಡಿ. ಅವರು ಬೇರೆ ಮಾತ್ರೆ ನುಂಗುತ್ತಿದ್ದರೆ ಅಪಾಯ. ಗೊತ್ತಾದ ದಿನ ನಂಬಿಕೆಯೂ ಹೋಗುತ್ತದೆ. ಆಯುರ್ವೇದವೇ ಬೇಕು ಅನ್ನುವವರು ಓದಿದ ವೈದ್ಯರನ್ನು ಕಾಣಿ. ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಕಾಲೇಜೇ ಇದೆ, ಆಸ್ಪತ್ರೆಯೂ ಇದೆ.

ಮೂರನೇ ಸಲ ಗಿಡಮೂಲಿಕೆಯ ಸಿಗರೇಟು. ತುಳಸಿ, ಅದೂ ಇದೂ ತುಂಬಿದ್ದು. ತಂಬಾಕಿಲ್ಲ ನಿಜ, ಆದರೆ ಯಾವ ಸೊಪ್ಪು ಸುಟ್ಟರೂ ಟಾರು ಬರುತ್ತದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದೂ ಅಲ್ಲದೆ, ಬೆರಳು-ತುಟಿ-ಕಿಡಿಯ ಅಭ್ಯಾಸ ಇದ್ದ ಹಾಗೇ ಉಳಿಯಿತು. ಹದಿನೈದು ದಿನಕ್ಕೆ ಹಳೆಯ ಬ್ರ್ಯಾಂಡಿಗೇ ಬಂದೆ. ಇ-ಸಿಗರೇಟಿನ ಮಾತೇ ಬೇಡ, ನಮ್ಮ ದೇಶದಲ್ಲಿ 2019ರಿಂದ ಅದರ ಮಾರಾಟಕ್ಕೆ ನಿಷೇಧವಿದೆ.

ಇದರ ನಡುವೆ ಸಂಮೋಹನ ಚಿಕಿತ್ಸೆಗೆ ಎರಡು ಸಲ ಹೋಗಿದ್ದೆ. ಕಿವಿಗೆ ಸೂಜಿ ಚುಚ್ಚುವ ಆಕ್ಯುಪಂಕ್ಚರನ್ನೂ ಮಾಡಿಸಿಕೊಂಡೆ. ಎರಡರಲ್ಲೂ ಅರ್ಧ ಗಂಟೆ ಕಣ್ಮುಚ್ಚಿ ಮಲಗಿದ್ದಕ್ಕೆ ಮೈ ಹಗುರವಾಗುತ್ತಿತ್ತು, ಅವತ್ತು ಸಂಜೆ ಎರಡು ಸಿಗರೇಟು ಕಡಿಮೆ ಸೇದುತ್ತಿದ್ದೆ. ಆರು ತಿಂಗಳಾದ ಮೇಲೂ ಬಿಟ್ಟೇ ಇದ್ದವರು ಎಷ್ಟು ಎಂದು ನೋಡಿದ ಅಧ್ಯಯನಗಳಲ್ಲಿ ಈ ಎರಡಕ್ಕೂ ಗಟ್ಟಿ ಪುರಾವೆ ಸಿಕ್ಕಿಲ್ಲ. ಕೈಯಲ್ಲಿ ದುಡ್ಡಿದ್ದು, ಮನಸ್ಸಿಗೆ ಸಮಾಧಾನ ಸಿಗುತ್ತದೆ ಅಂದರೆ ಹೋಗಿ. ಅದೊಂದನ್ನೇ ನಂಬಿ ಕೂರಬೇಡಿ. ಒಂದೇ ಸಲಕ್ಕೆ ಬಿಡಿಸುತ್ತೇನೆ ಎಂದು ಮಾತು ಕೊಟ್ಟು ಮುಂಗಡ ಕೇಳುವವರ ಬಾಗಿಲಿಂದ ಹಿಂದಿರುಗಿ.

ಉಸಿರಾಟ ಮತ್ತು ನಡಿಗೆಯ ಮಾತು ಬೇರೆ. ಇವುಗಳನ್ನು ನಾನು ಈಗಲೂ ಬಿಟ್ಟಿಲ್ಲ. ಸಿಗರೇಟು ಎಳೆಯುವಾಗ ನಾವು ಮಾಡುವುದೇನೆಂದು ಗಮನಿಸಿ. ಕೆಲಸ ನಿಲ್ಲಿಸುತ್ತೇವೆ, ಹೊರಗೆ ಬರುತ್ತೇವೆ, ಉದ್ದ ಉಸಿರು ಎಳೆದು ನಿಧಾನ ಬಿಡುತ್ತೇವೆ. ಅದರಲ್ಲಿ ಹಾಯೆನಿಸುವ ಒಂದು ಪಾಲು ಈ ಉಸಿರಿನದ್ದೇ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡುವುದು, ಹತ್ತು ಸಲ. ಯೋಗದ ಊರಿನಲ್ಲಿದ್ದೂ ನಾನು ಕಲಿತದ್ದು ಇಷ್ಟೇ, ಇಷ್ಟೇ ಸಾಕಾಯಿತು. ನಡಿಗೆಯಂತೂ ಆ ಕ್ಷಣದ ಸೆಳೆತವನ್ನು ಇಳಿಸುತ್ತದೆ ಎಂಬುದು ಪರೀಕ್ಷೆಯಲ್ಲೂ ಕಂಡುಬಂದಿದೆ. ನಾನು ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗತೊಡಗಿದೆ. ಮೊದಲ ಸಿಗರೇಟಿನ ಹೊತ್ತು ಅಲ್ಲೇ ಕಳೆದುಹೋಗುತ್ತಿತ್ತು.

ನಾಲ್ಕನೇ ಸಲ ಮಾಡಿದ್ದು

ಅಳತೆ ಪುಸ್ತಕ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ಎದ್ದ ಮೇಲೆ ಮೊದಲನೇದು ಎಷ್ಟು ಹೊತ್ತಿಗೆ?" ಕಾಲು ಗಂಟೆಯೊಳಗೆ ಅಂದೆ. "ಅರ್ಧ ಗಂಟೆಯೊಳಗೆ ಬೇಕು ಅನ್ನೋರಿಗೆ ಹಿಡಿತ ಜಾಸ್ತಿ" ಎಂದು 4 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ತಡವಾಗಿ ಶುರುಮಾಡುವವರಿಗೆ 2 ಮಿಲಿಗ್ರಾಂ ಸಾಕಾಗುತ್ತದೆ. ಬರೀ ಮನಸ್ಸಿನ ಬಲದಿಂದ ಬಿಡುವವರಿಗಿಂತ ಹೀಗೆ ನಿಕೋಟಿನ್ ನೆರವಿನಿಂದ ಬಿಡುವವರು ಗೆಲ್ಲುವ ಸಂಭವ ಶೇಕಡಾ 50ರಿಂದ 60ರಷ್ಟು ಹೆಚ್ಚು. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ. ಅವನ್ನು ಡಾಕ್ಟರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಆಗುವುದಿಲ್ಲ. ಬಸುರಿಯರು, ಇತ್ತೀಚೆಗೆ ಹೃದಯಾಘಾತ ಆದವರು ಗಮ್ ಶುರುಮಾಡುವುದಕ್ಕೂ ಮುಂಚೆ ಕೇಳಬೇಕು.

ಗಮ್ಮನ್ನು ಚೂಯಿಂಗ್ ಗಮ್ ತರಹ ಅಗಿಯಬಾರದು. ನಾನು ಮೊದಲ ದಿನ ಹಾಗೇ ಅಗಿದು ಬಿಕ್ಕಳಿಕೆ, ಹೊಟ್ಟೆ ತೊಳಸು ತಂದುಕೊಂಡೆ. ನಿಧಾನ ಅಗಿಯಿರಿ. ನಾಲಿಗೆಗೆ ಮೆಣಸಿನ ಚುರುಕು ತಟ್ಟಿದ ಕೂಡಲೆ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಚುರುಕು ಕಡಿಮೆಯಾದ ಮೇಲೆ ಮತ್ತೆ ನಾಲ್ಕು ಸಲ ಅಗಿದು, ಬೇರೆ ಕಡೆ ಇಡಿ. ಅರ್ಧ ಗಂಟೆ ಹೀಗೆ ಮಾಡಿ ಉಗುಳಿ. ಬಾಯಲ್ಲಿರುವಾಗ, ಮತ್ತು ಅದಕ್ಕೆ ಕಾಲು ಗಂಟೆ ಮುಂಚೆ, ಕಾಫಿ, ಟೀ, ನಿಂಬೆ ಪಾನಕ ಬೇಡ. ಕುಡಿದರೆ ನಿಕೋಟಿನ್ ಬಾಯಲ್ಲಿ ಹೀರಿಕೊಳ್ಳದೆ ಹೊಟ್ಟೆಗೆ ಹೋಗುತ್ತದೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಆಮೇಲೆ ಅಂತರ ಹೆಚ್ಚಿಸುತ್ತಾ ಹನ್ನೆರಡು ವಾರಕ್ಕೆ ಮುಗಿಸಬೇಕು. ಬಹಳ ಜನ ಹತ್ತು ದಿನಕ್ಕೇ ನಿಲ್ಲಿಸಿ ಗಮ್ ಕೆಲಸಕ್ಕೆ ಬರಲಿಲ್ಲ ಅನ್ನುತ್ತಾರೆ. ಅಳತೆ ಕಡಿಮೆಯಾದ ಬಟ್ಟೆಯಲ್ಲಿ ಕುಪ್ಪಸ ಹೊಲಿದರೆ ಆಗುವುದೇ ಇಲ್ಲೂ ಆಗುವುದು.

ಫೋನು. ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356, ದುಡ್ಡು ಕೊಡಬೇಕಿಲ್ಲದ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೇವೆಯ ಕೇಂದ್ರವಿದೆ. ಇಪ್ಪತ್ತೆರಡು ವರ್ಷ ಪ್ಯಾಕ್ ಕೊಳ್ಳದೆ ಬಿಡಿಯಾಗಿ ಕೊಂಡವನಿಗೆ ಆ ನಂಬರು ಕಾಣುವುದಾದರೂ ಹೇಗೆ? ಬಿಡಿ ಮಾರಾಟ ಎಚ್ಚರಿಕೆಯ ಚಿತ್ರವನ್ನೂ ನಂಬರನ್ನೂ ನಮ್ಮ ಕಣ್ಣಿಂದ ಮರೆಮಾಡುತ್ತದೆ. ಫೋನಿನಲ್ಲಿ ಮಾತಾಡಿದ ಹೆಣ್ಣುಮಗಳು ನನ್ನ ಏಳು ದಿನದ ಹಾಳೆಯನ್ನು ಓದಿಸಿದಳು, ಬಿಡುವ ದಿನಾಂಕ ಗೊತ್ತುಮಾಡಿಸಿದಳು. ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಿದ್ದರು. ಅವರ ಫೋನು ಬರುತ್ತದೆ ಅನ್ನುವುದೊಂದಕ್ಕೇ ಎರಡು ಸಲ ಸಿಗರೇಟನ್ನು ಕೈಯಿಂದ ಕೆಳಗಿಟ್ಟಿದ್ದೇನೆ. ಇದಲ್ಲದೆ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೂ ಆಪ್ತಸಲಹೆ ಸಿಗುತ್ತದೆ. ಮಂಡ್ಯದವರು ಮೈಸೂರಿಗೆ ಬರಬೇಕಾಗಿಲ್ಲ.

ದಿನಾಂಕವನ್ನು ನಿಮ್ಮ ಕೆಲಸದ ಒತ್ತಡ ನೋಡಿ ಇಟ್ಟುಕೊಳ್ಳಿ. ಟೈಲರ್‌ಗೆ ದಸರೆಯ ಮುಂಚಿನ ಮೂರು ವಾರ ಊಟಕ್ಕೂ ಪುರುಸೊತ್ತಿರುವುದಿಲ್ಲ, ಆಗ ಬಿಡಲು ಹೋಗುವುದು ತಪ್ಪು. ನಾನು ಆಯುಧಪೂಜೆಗೆ ಮಷಿನ್, ಕತ್ತರಿ ತೊಳೆದು ಪೂಜೆ ಮಾಡಿ, ವಿಜಯದಶಮಿ ಕಳೆದು ಮಾರನೇ ದಿನದಿಂದ ಬಿಟ್ಟೆ. ಮೂರು ದಿನ ಅಂಗಡಿಗೆ ರಜೆ. ಆ ಕಷ್ಟದ ಮೂರು ದಿನ ಮನೆಯಲ್ಲಿ ಕಳೆದವು. ರಜೆಗೆ ಅಂಗಡಿ ಬಾಗಿಲು ಹಾಕುವ ಮುಂಚೆಯೇ ಬೂದಿ ಬಟ್ಟಲು, ಬೆಂಕಿಪೊಟ್ಟಣ ಎಲ್ಲ ಎಸೆದೆ, ಅಂಗಡಿಯ ಪರದೆ ಒಗೆದೆ.

ಏಳು ದಿನದ ಹಾಳೆಯಲ್ಲಿ ಹನ್ನೆರಡು ಸಿಗರೇಟಿಗೂ ಒಂದೊಂದು ಜಾಗ, ಒಂದೊಂದು ನೆಪ ಇರುತ್ತದೆ. ಒಂದೊಂದಕ್ಕೂ ಬೇರೆ ಏರ್ಪಾಡು ಬೇಕು, ಎಲ್ಲಕ್ಕೂ ಒಂದೇ ಮದ್ದಿಲ್ಲ. ನನ್ನ ಪಟ್ಟಿಯಲ್ಲಿ ಅತಿ ಗಟ್ಟಿಯಾಗಿದ್ದುದು ಕಾಫಿಯ ಜೊತೆಗಿನದು. ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯಿದೆ. ಹೊಗೆಯಲ್ಲಿನ ಕೆಲವು ರಾಸಾಯನಿಕಗಳಿಂದಾಗಿ ಸೇದುವವರ ಪಿತ್ತಜನಕಾಂಗ ಕೆಫೀನನ್ನು ಬೇಗ ಬೇಗ ಕರಗಿಸುತ್ತದೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ. ಆಗ ಅದೇ ನಾಲ್ಕು ಲೋಟ ಕಾಫಿ ಎಂಟು ಲೋಟದಷ್ಟು ಏರುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆಯಿಲ್ಲ. ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯಿತು ಎಂದುಕೊಂಡು ಮತ್ತೆ ಸೇದುತ್ತಾರೆ. ಬಿಟ್ಟ ದಿನದಿಂದ ಕಾಫಿಯನ್ನು ಅರ್ಧಕ್ಕಿಳಿಸಿ. ಮಾನಸಿಕ ಕಾಯಿಲೆಗೆ, ದಮ್ಮಿಗೆ, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುತ್ತಿದ್ದೇನೆ ಎಂದು ಡಾಕ್ಟರಿಗೆ ತಿಳಿಸಲೇಬೇಕು, ಕೆಲವು ಔಷಧಗಳ ಅಳತೆಯೂ ಬದಲಾಗಬೇಕಾಗಬಹುದು.

ಟೀ ಅಂಗಡಿಯ ಜಾಗಕ್ಕೆ ಬೇರೆ ಉಪಾಯ. ಬಿಡುವ ಹಿಂದಿನ ದಿನವೇ ಅಂಗಡಿಯಣ್ಣನ ಹತ್ತಿರ ಹೋಗಿ ಹೇಳಿದೆ: "ಅಣ್ಣ, ನಾಳೆಯಿಂದ ನಾನು ಕೇಳಿದ್ರೂ ಕೊಡ್ಬೇಡ." ಅವನ ವ್ಯಾಪಾರಕ್ಕೆ ನಷ್ಟ, ಆದರೂ ಒಪ್ಪಿದ. ಆರನೇ ದಿನ ಸಂಜೆ ನಾನು ಕೇಳಿಯೇಬಿಟ್ಟೆ. "ಆಗಲ್ಲ ಮಾಸ್ಟ್ರೇ, ನೀವೇ ಹೇಳಿದ್ದೀರ" ಎಂದು ಒಂದು ಲೋಟ ನೀರು ಕೊಟ್ಟ. ಅವನ ಉಪಕಾರ ನಾನು ಮರೆಯುವವನಲ್ಲ.

ಕೈ ಸುಮ್ಮನಿರದ ಹೊತ್ತಿಗೆ ನಾನು ಹುಕ್ಕಿನ ಡಬ್ಬಿ ಇಟ್ಟುಕೊಂಡೆ. ಸೇದಬೇಕೆನ್ನುವ ಸೆಳೆತ ಮೂರರಿಂದ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಅಲೆ ಬಂದು ಹೋದಂತೆ. ಎರಡು ಹುಕ್ಕು ಕೈಯಲ್ಲಿ ಹೊಲಿದು ಗಂಟು ಹಾಕಲು ನನಗೆ ಅಷ್ಟೇ ಹೊತ್ತು ಹಿಡಿಯುತ್ತದೆ. ಆದ್ದರಿಂದ ರವಿಕೆಗಳ ಹುಕ್ಕಿನ ಕೆಲಸವನ್ನೆಲ್ಲ ಆ ಹೊತ್ತಿಗೆಂದೇ ಎತ್ತಿಟ್ಟೆ. ಸೆಳೆತ ಬಂದ ಕೂಡಲೆ ಸೂಜಿಗೆ ದಾರ. ಎರಡನೇ ಹುಕ್ಕಿನ ಗಂಟು ಹಾಕುವಷ್ಟರಲ್ಲಿ ಅಲೆ ಇಳಿದಿರುತ್ತಿತ್ತು. ನಿಮ್ಮ ಕೆಲಸದಲ್ಲೂ ಐದು ನಿಮಿಷದ, ಎರಡೂ ಕೈ ಬೇಕಾಗುವ ಕೆಲಸವೊಂದು ಇರುತ್ತದೆ. ಅದನ್ನು ಹುಡುಕಿಕೊಳ್ಳಿ.

ಬಾಯಿಗೆ ಸೋಂಪು, ಲವಂಗ, ಸೌತೆಕಾಯಿ. ಕಬ್ಬಿನ ಜಲ್ಲೆ ಸಿಕ್ಕರೆ ಅದೂ ಒಳ್ಳೆಯದೇ, ಆದರೆ ತೂಕ ನೋಡಿಕೊಳ್ಳಿ. ಬಿಟ್ಟ ವರ್ಷದಲ್ಲಿ ನಾಲ್ಕೈದು ಕಿಲೋ ಏರುವುದು ಸಾಮಾನ್ಯ, ನನಗೂ ಏರಿತು. ಎಲೆ-ಅಡಿಕೆಗೆ ಮಾತ್ರ ಹೋಗಬೇಡಿ. ಮೈಸೂರು ವೀಳ್ಯದೆಲೆ ನಮಗೆ ಹೆಮ್ಮೆಯದೇ, ಆದರೆ ಇಲ್ಲಿ ಹಾದಿ ತಪ್ಪುವುದು ಸುಲಭ. ಎಲೆಯ ಜೊತೆ ಕಡ್ಡಿಪುಡಿ ಎಂಬ ತಂಬಾಕು ಬರುತ್ತದೆ, ಅಲ್ಲಿಂದ ಗುಟ್ಕಾ. ಅಡಿಕೆಯೊಂದನ್ನೇ ಅಗಿದರೂ ಬಾಯಿಯ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ಜಾರಿದರೆ

ನಲವತ್ತನೇ ದಿನ ನಾನು ಜಾರಿದೆ. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನೆಂಟರ ಬೀಗರೂಟ. ಮುದ್ದೆ, ಮಟನ್ ಸಾರು ಉಂಡು ತೆಂಗಿನ ಮರದ ಕೆಳಗೆ ಕೂತಾಗ ಸೋದರಮಾವನ ಮಗ ಹಚ್ಚಿಯೇ ಕೈಗಿತ್ತ. "ತಗೊಳ್ಳಿ ಭಾವ, ಒಂದಕ್ಕೇನಾಗುತ್ತೆ?" ಸೇದಿಬಿಟ್ಟೆ. ತಲೆ ತಿರುಗಿತು, ಬಾಯೆಲ್ಲ ಸುಟ್ಟ ರಬ್ಬರಿನ ರುಚಿ. ಅದಕ್ಕಿಂತ ಹೆಚ್ಚಾಗಿ ಎಲ್ಲ ಮುಗಿಯಿತು ಅನ್ನಿಸಿ ಅಳು ಬಂತು.

ಆ ಅನಿಸಿಕೆಯೇ ಅಪಾಯಕಾರಿ. ಒಂದು ಸಿಗರೇಟು ಒಂದೇ ಸಿಗರೇಟು. ಹೊಲಿಗೆ ಒಂದು ಕಡೆ ಬಿಟ್ಟರೆ ಅಷ್ಟನ್ನೇ ಬಿಚ್ಚಿ ಮತ್ತೆ ಹಾಕುತ್ತೇವೆ, ರವಿಕೆಯನ್ನೇ ಹರಿದು ಎಸೆಯುವುದಿಲ್ಲ. ಮಾರನೇ ದಿನ ಸಹಾಯವಾಣಿಗೆ ನಾನೇ ಫೋನ್ ಮಾಡಿ ಹೇಳಿದೆ. ಅಲ್ಲಿ ಯಾರೂ ಬೈಯುವುದಿಲ್ಲ. "ಅವತ್ತು ಗಮ್ ಜೇಬಲ್ಲಿತ್ತಾ?" ಎಂದು ಕೇಳಿದರು. ಇರಲಿಲ್ಲ, ಹೊಸ ಅಂಗಿ ಹಾಕಿಕೊಂಡು ಹೋಗಿದ್ದೆ. ಅಂದಿನಿಂದ ಪ್ರತಿ ಅಂಗಿಯ ಜೇಬಿನಲ್ಲೂ ಎರಡೆರಡು ಇಟ್ಟೆ. ಮದುವೆ, ಬೀಗರೂಟ, ತಿಥಿಗೆ ಹೋಗುವಾಗ ಮೊದಲೇ ಒಬ್ಬರಿಗೆ ಹೇಳಿಟ್ಟಿರಿ, ಊಟವಾದ ಕೂಡಲೆ ಎದ್ದು ನಡೆಯಿರಿ. ಮದ್ಯ ತೆಗೆದುಕೊಳ್ಳುವವರಾದರೆ ಮೊದಲ ಮೂರು ತಿಂಗಳು ಅದನ್ನೂ ದೂರವಿಡಿ, ಎರಡೂ ಒಟ್ಟಿಗೇ ಕರೆಯುತ್ತವೆ.

ಮನೆಯವರಿಗೆ ಒಂದು ಮಾತು. ಮೊದಲ ಎರಡರಿಂದ ನಾಲ್ಕು ವಾರ ಸಿಡುಕು, ಮಂಕು, ನಿದ್ದೆಗೇಡು, ಹಸಿವು ಇದ್ದೇ ಇರುತ್ತದೆ. ಬಾಯಿ ವಾಸನೆ ನೋಡಿ ಪರೀಕ್ಷೆ ಮಾಡಬೇಡಿ, ಎದುರಿಗೆ ಲೆಕ್ಕ ಕೇಳಬೇಡಿ. ನನ್ನ ಹೆಂಡತಿ ಮಾಡಿದ್ದು ಒಂದೇ. ರಾತ್ರಿ ಅಂಗಡಿಯಿಂದ ಬಂದ ಮೇಲೆ 120 ರೂಪಾಯಿಯನ್ನು ನನ್ನ ಕೈಯಿಂದಲೇ ಹಾರ್ಲಿಕ್ಸ್ ಬಾಟಲಿಗೆ ಹಾಕಿಸುತ್ತಿದ್ದಳು. ದಿನಕ್ಕೆ ದಿನ, ಕೈಯಿಂದಲೇ. ಬಿಡಿಬಿಡಿಯಾಗಿ ಹೋದದ್ದು ಬಿಡಿಬಿಡಿಯಾಗಿಯೇ ಕೂಡಬೇಕು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆಗಿ ಅಂಗಡಿ ಬಾಗಿಲು ಹಾಕಿದಾಗ ಆ ಬಾಟಲಿಗೆ 168 ದಿನದ 20,160 ರೂಪಾಯಿ ಬಿದ್ದಿತ್ತು. ಗಮ್ಮಿನ ಖರ್ಚು ಕಳೆದು ಹದಿನಾಲ್ಕು ಸಾವಿರದ ಮೇಲೆ ಉಳಿದಿತ್ತು. ಏಪ್ರಿಲ್, ಮೇ ತಿಂಗಳ ಅಂಗಡಿ ಬಾಡಿಗೆ ಅದರಿಂದ ಕಟ್ಟಿದೆವು. ಆ ಎರಡು ತಿಂಗಳು ಮನೆಯಲ್ಲಿ ಕೂತು ಮಾಸ್ಕ್ ಹೊಲಿದೆ. ಸೇದಬೇಕೆನ್ನುವ ಆಸೆ ಜೋರಾಗಿಯೇ ಬಂತು, ಆದರೆ ಉಸಿರಿನ ಕಾಯಿಲೆ ಊರೆಲ್ಲ ಹಬ್ಬಿದ್ದ ಆ ದಿನಗಳಲ್ಲಿ ನನ್ನ ಎದೆ ಹಗುರವಾಗಿದ್ದುದು ನನಗೆ ಗೊತ್ತಿತ್ತು.

ಮೈ ವಾಪಸ್ ಕೊಡುವ ಲೆಕ್ಕವನ್ನೂ ಬರೆದುಕೊಳ್ಳಿ. ಇಪ್ಪತ್ತು ನಿಮಿಷಕ್ಕೆ ನಾಡಿ ಬಡಿತ ಇಳಿಯುತ್ತದೆ. ಹನ್ನೆರಡು ಗಂಟೆಗೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸರಿಹೋಗುತ್ತದೆ. ಒಂದರಿಂದ ಒಂಬತ್ತು ತಿಂಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತದೆ. ಒಂದು ವರ್ಷಕ್ಕೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸೇದುವವರ ಅರ್ಧದಷ್ಟಾಗುತ್ತದೆ. ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನ ಹೇಳುವ ಪ್ರಕಾರ, ಮೂವತ್ತನೇ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು ಹತ್ತು ವರ್ಷ ಆಯಸ್ಸು ಉಳಿಯುತ್ತದೆ, ನಲವತ್ತರಲ್ಲಿ ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಬಿಟ್ಟರೂ ಮೂರು. ನನ್ನ ಅಂಗಡಿಗೆ ಬರುವ ಹಿರಿಯರೊಬ್ಬರು "ಇನ್ನು ಈ ವಯಸ್ಸಲ್ಲಿ ಬಿಟ್ಟೇನು ಪ್ರಯೋಜನ ಮಾಸ್ಟ್ರೇ" ಅನ್ನುತ್ತಾರೆ. ಆ ಮೂರು ವರ್ಷದಲ್ಲಿ ಮೊಮ್ಮಗಳು ಹೈಸ್ಕೂಲ್ ಮುಗಿಸುತ್ತಾಳೆ ಯಜಮಾನ್ರೇ, ಅಂದೆ.

ಆಸೆ ಪೂರ್ತಿ ಸತ್ತಿದೆಯಾ ಎಂದು ಹುಡುಗರು ಕೇಳುತ್ತಾರೆ. ಇಲ್ಲ. ದಸರೆಯ ಹಿಂದಿನ ರಾತ್ರಿಗಳಲ್ಲಿ, ಹನ್ನೊಂದು ಗಂಟೆಗೆ ಇನ್ನೂ ಆರು ರವಿಕೆ ಬಾಕಿಯಿದ್ದು, ಹೊರಗೆ ಯಾರೋ ಹಚ್ಚಿದ ವಾಸನೆ ಬಂದರೆ ಈಗಲೂ ಒಂದು ಅಲೆ ಏಳುತ್ತದೆ. ಹುಕ್ಕಿನ ಡಬ್ಬಿ ಮಷಿನ್ನಿನ ಬಲಗಡೆಯೇ ಇದೆ.